ಜೈಲಿನಿಂದ ರಿಸರ್ವ್‌ಗೆ ವಾಪಸ್: ಕೆನಡಾದ ಸೆಕ್ಷನ್ 84 ನಿಜಕ್ಕೂ ನಡೆಯುತ್ತಿದೆಯಾ?

ಪ್ರೇರಿವಾಸಿ:

ಹೋದ ತಿಂಗಳು ಇಲ್ಲೇ ಒಬ್ಬರು ಬರೆದಿದ್ದರು: "ಕೆನಡಾದಲ್ಲಿ ಮೂಲನಿವಾಸಿಗಳಿಗೆ ಬೇರೆ ಕಾನೂನು, ತಪ್ಪು ಮಾಡಿದರೂ ಬೇಗ ಬಿಟ್ಟುಬಿಡುತ್ತಾರೆ." ಆಗ ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ. ಈಗ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನಿರುವುದು ಸಸ್ಕಾಚೆವಾನ್‌ನಲ್ಲಿ. ಜೈಲಿನಿಂದ ಹೊರಬಂದವರು ಕೆಲವು ತಿಂಗಳು ಉಳಿದುಕೊಳ್ಳುವ ಒಂದು ಹಾಫ್‌ವೇ ಹೌಸ್‌ನಲ್ಲಿ ಕೆಲಸ. ಆ ಜಾಗದ ಹೆಸರು ಬೇಡ, ಅಲ್ಲಿರುವವರ ಕಥೆಯೂ ಬೇಡ. ವ್ಯವಸ್ಥೆಯ ಬಗ್ಗೆ ಮಾತ್ರ ಮಾತಾಡೋಣ.

ಮೊದಲು ಲೆಕ್ಕ. ಕೆನಡಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಸುಮಾರು ಶೇ. 5. ಕೇಂದ್ರ ಸರ್ಕಾರದ ಜೈಲುಗಳಲ್ಲಿ, ಅಂದರೆ ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದವರ ಜೈಲುಗಳಲ್ಲಿ, ಅವರು ಹತ್ತಿರಹತ್ತಿರ ಮೂರನೇ ಒಂದು ಭಾಗ. ಹೆಂಗಸರಲ್ಲಂತೂ ಸುಮಾರು ಅರ್ಧ.

ಇನ್ನು "ಬೇಗ ಬಿಡುತ್ತಾರೆ" ಅನ್ನುವ ಮಾತು. ಇಲ್ಲಿ ಶಿಕ್ಷೆಯ ಮೂರನೇ ಒಂದು ಭಾಗ ಮುಗಿದ ಮೇಲೆ ಪೂರ್ತಿ ಪೆರೋಲ್ ಕೇಳಬಹುದು. ಸಿಗದಿದ್ದರೆ, ಮೂರನೇ ಎರಡು ಭಾಗ ಮುಗಿದಾಗ ಹೆಚ್ಚಿನವರನ್ನು ಕಾನೂನೇ ಹೊರಗೆ ಬಿಡುತ್ತದೆ. ಇದಕ್ಕೆ ಸ್ಟ್ಯಾಚುಟರಿ ರಿಲೀಸ್ ಎನ್ನುತ್ತಾರೆ. ಉಳಿದ ಅವಧಿ ಪೆರೋಲ್ ಆಫೀಸರ್ ಕಣ್ಣಳತೆಯಲ್ಲಿ ಇರಬೇಕು. ಕೆನಡಾದ ಆಡಿಟರ್ ಜನರಲ್ 2016ರಲ್ಲಿ ಇದನ್ನೇ ತನಿಖೆ ಮಾಡಿದರು. 2015-16ರಲ್ಲಿ ಹೊರಬಂದ ಮೂಲನಿವಾಸಿ ಕೈದಿಗಳಲ್ಲಿ ಶೇ. 69ರಷ್ಟು ಮಂದಿ ಹೀಗೆ ಕೊನೇ ಗಡುವಿನಲ್ಲಿ ಬಂದವರು. ಪೆರೋಲ್ ಕೇಳುವ ಹೊತ್ತಿಗೆ ಅವರು ಮುಗಿಸಬೇಕಿದ್ದ ತರಬೇತಿಗಳೇ ಮುಗಿದಿರಲಿಲ್ಲ. ಹಾಗಾಗಿ ಎಷ್ಟೋ ಜನ ವಿಚಾರಣೆಯೇ ಬೇಡ ಎಂದು ಸಹಿ ಹಾಕಿ ಕೂತುಬಿಡುತ್ತಾರೆ. ಬೇಗ ಬಿಡುವ ಮಾತು ಹಾಗಿರಲಿ, ಬೇರೆಯವರಿಗಿಂತ ತಡವಾಗಿಯೇ ಬರುತ್ತಾರೆ. ಜೊತೆಗೆ ತಯಾರಿಯೂ ಕಡಿಮೆ.

ಈಗ ಸೆಕ್ಷನ್ 84. 1992ರ ಕೇಂದ್ರ ಜೈಲು ಕಾಯ್ದೆಯಲ್ಲಿ ಮೂಲನಿವಾಸಿಗಳಿಗಾಗಿ ಎರಡು ಮುಖ್ಯ ಕಲಂ ಇವೆ. 81ರ ಪ್ರಕಾರ ಸರ್ಕಾರ ಒಂದು ಸಮುದಾಯದ ಜೊತೆ ಒಪ್ಪಂದ ಮಾಡಿಕೊಂಡು, ಕೈದಿಯನ್ನು ನೋಡಿಕೊಳ್ಳುವ ಹೊಣೆಯನ್ನೇ ಅವರಿಗೆ ಕೊಡಬಹುದು. ಸಮುದಾಯದವರೇ ನಡೆಸುವ, ಹೀಲಿಂಗ್ ಲಾಡ್ಜ್ ಎಂಬ ಬೇರೆ ಬಗೆಯ ಜೈಲುಗಳು ಬಂದದ್ದು ಹೀಗೆ. 84 ಬಿಡುಗಡೆಗೆ ಸಂಬಂಧಿಸಿದ್ದು. ಕೈದಿ "ನಾನು ನಮ್ಮ ಜನರ ಹತ್ತಿರ ಹೋಗಬೇಕು" ಎಂದರೆ, ಅವನ ಒಪ್ಪಿಗೆ ಪಡೆದು ಜೈಲಿನವರು ಆ ಸಮುದಾಯಕ್ಕೆ ಮೊದಲೇ ತಿಳಿಸಬೇಕು. "ಇವನನ್ನು ಹೇಗೆ ಕರೆದುಕೊಳ್ಳುತ್ತೀರಿ, ನೀವೇ ಒಂದು ಪ್ಲ್ಯಾನ್ ಕೊಡಿ" ಎಂದು ಅವಕಾಶ ಕೊಡಬೇಕು.

ಓದಲು ಬಹಳ ಚೆನ್ನಾಗಿದೆ, ಅಲ್ವಾ? ನನ್ನ ತಕರಾರು ಒಂದೇ. ಪ್ಲ್ಯಾನ್ ಬರೆಯುವ ಕೆಲಸ ಬೀಳುವುದು ರಿಸರ್ವ್‌ನ (ಮೂಲನಿವಾಸಿಗಳಿಗೆಂದು ಮೀಸಲಿಟ್ಟ ಜಾಗ) ಬ್ಯಾಂಡ್ ಆಫೀಸಿನ ಮೇಲೆ, ಅಂದರೆ ಆ ಸಮುದಾಯದ ಆಡಳಿತ ಕಚೇರಿಯ ಮೇಲೆ. ಅಲ್ಲಿ ಕುಡಿಯುವ ನೀರಿನಿಂದ ಹಿಡಿದು ಶಾಲೆ ಬಸ್ಸಿನವರೆಗೆ ಎಲ್ಲವನ್ನೂ ನೋಡುವವರು ಅದೇ ನಾಲ್ಕು ಜನ. 84ರ ಅಡಿಯಲ್ಲಿ ಅವರಿಗೆ ಜವಾಬ್ದಾರಿ ಬರುತ್ತದೆ, ದುಡ್ಡು ಬರುವುದಿಲ್ಲ. ಊರಿಗೆಲ್ಲ ಊಟ ಹಾಕಿ ಎಂದು ಹೇಳಿ ಅಕ್ಕಿ ಕೊಡದೇ ಹೋದ ಹಾಗೆ. ಈ ಕೆಲಸಕ್ಕೆ ಸಮುದಾಯಕ್ಕೆ ನೇರವಾಗಿ ಹಣ ಕೊಡಬೇಕು, ಅದೂ ಕೈದಿ ಒಳಗೆ ಹೋದ ದಿನದಿಂದಲೇ. ಬಿಡುಗಡೆಗೆ ಮೂರು ತಿಂಗಳಿದೆ ಎನ್ನುವಾಗ ಫೋನ್ ಮಾಡಿದರೆ ಯಾವ ಊರೂ ಯಾರನ್ನೂ ಸರಿಯಾಗಿ ಕರೆದುಕೊಳ್ಳಲು ಆಗುವುದಿಲ್ಲ.

ನಿಮ್ಮ ಅಭಿಪ್ರಾಯ ಬರೆಯಿರಿ. ಬೈಯುವವರಿಗೂ ಸ್ವಾಗತ.

ಮಲೆನಾಡ ಗಿಡ್ಡ:

ಬೈಯುವುದಿಲ್ಲ, ಆದರೆ ಒಂದು ಪ್ರಶ್ನೆ. ಕಳ್ಳತನ ಮಾಡಿದವನು ಕಳ್ಳನೇ. ಅವನು ಯಾವ ಜನಾಂಗ ಅಂತ ಯಾಕೆ ನೋಡಬೇಕು? ಎಲ್ಲರಿಗೂ ಒಂದೇ ಕಾನೂನು ಇದ್ದರೆ ಸಾಲದೇ?

ವಕೀಲಮ್ಮ:

ಗಿಡ್ಡ ಅವರೇ, ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿದೆ. ಗ್ಲಾಡ್ಯೂ ಪ್ರಕರಣ. ಅಲ್ಲಿನ ಕ್ರಿಮಿನಲ್ ಕೋಡ್‌ಗೆ 1996ರಲ್ಲಿ ಒಂದು ಸಾಲು ಸೇರಿಸಿದ್ದರು: ಜೈಲು ಬಿಟ್ಟು ಬೇರೆ ಶಿಕ್ಷೆ ಸಾಧ್ಯವೇ ಎಂದು ಜಡ್ಜ್ ಎಲ್ಲರ ವಿಷಯದಲ್ಲೂ ನೋಡಬೇಕು, ಮೂಲನಿವಾಸಿಗಳ ಪರಿಸ್ಥಿತಿಯನ್ನು ವಿಶೇಷವಾಗಿ ಗಮನಿಸಬೇಕು. ಇದು ಜನಾಂಗಕ್ಕೆ ಕೊಡುವ ರಿಯಾಯಿತಿ ಅಲ್ಲ ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿತು. ಸರಿಯಾದ ಶಿಕ್ಷೆ ಕೊಡಬೇಕಾದರೆ ಎದುರಿಗಿರುವ ಮನುಷ್ಯನ ಹಿನ್ನೆಲೆ ಗೊತ್ತಿರಬೇಕು, ಅಷ್ಟೇ. 2012ರ ಇಪೀಲಿ ತೀರ್ಪಿನಲ್ಲಿ ಇದನ್ನೇ ಮತ್ತೆ ಗಟ್ಟಿಯಾಗಿ ಹೇಳಿದರು, ಯಾಕೆಂದರೆ ಕೆಳಗಿನ ಕೋರ್ಟುಗಳು ಸರಿಯಾಗಿ ಪಾಲಿಸುತ್ತಿರಲಿಲ್ಲ.

ಹಿನ್ನೆಲೆ ಅಂದರೆ ಏನು? ಒಂದೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು, ಅವರ ಭಾಷೆ, ಸಂಸ್ಕೃತಿ ಬಿಡಿಸುವ ರೆಸಿಡೆನ್ಶಿಯಲ್ ಸ್ಕೂಲ್ ಎಂಬ ವಸತಿ ಶಾಲೆಗಳಿಗೆ ಹಾಕಿದ ಇತಿಹಾಸ. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದ ಕೊನೆಗೆ. ಇದರ ಜೊತೆಗೇ, 60ರ ದಶಕದಿಂದ, ಮಕ್ಕಳನ್ನು ಬಿಳಿಯರ ಮನೆಗಳಿಗೆ ದತ್ತು ಕೊಟ್ಟ ಕಾಲ. ಇವೆಲ್ಲ ಓಬಿರಾಯನ ಕಾಲದ ಕಥೆಗಳಲ್ಲ.

ಪ್ರೇರಿವಾಸಿ:

ವಕೀಲಮ್ಮ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೊರಗಿನವರಿಗೆ ಇದು ಕಾಣುವುದೇ ಇಲ್ಲ.

ಕೋರ್ಟಿನಲ್ಲಿ ಗ್ಲಾಡ್ಯೂ ರಿಪೋರ್ಟ್ ಬರೆಯುತ್ತಾರೆ. ಅಜ್ಜಿ ರೆಸಿಡೆನ್ಶಿಯಲ್ ಸ್ಕೂಲ್‌ಗೆ ಹೋದವಳು, ಅಮ್ಮನಿಗೆ ಕುಡಿತ, ಹುಡುಗ ಐದಾರು ಫಾಸ್ಟರ್ ಮನೆಗಳಲ್ಲಿ (ಮಕ್ಕಳನ್ನು ಸಾಕಲು ಸರ್ಕಾರ ಒಪ್ಪಿಸುವ ಬೇರೆಯವರ ಮನೆ) ಬೆಳೆದವನು, ಶಾಲೆ ಅರ್ಧಕ್ಕೇ ಬಿಟ್ಟವನು. ಇದನ್ನು ಓದಿ ಜಡ್ಜ್ ಶಿಕ್ಷೆ ಸ್ವಲ್ಪ ಕಡಿಮೆ ಮಾಡಬಹುದು. ಅದೇ ಹುಡುಗ ಜೈಲಿಗೆ ಹೋದಾಗ ಅಲ್ಲಿ ಅಪಾಯದ ಅಂಕ ಹಾಕುವ ಫಾರ್ಮ್ ತುಂಬುತ್ತಾರೆ. ಸ್ಥಿರ ಮನೆ ಇಲ್ಲ, ಮನೆಯಲ್ಲಿ ಕುಡಿತ, ಶಾಲೆ ಇಲ್ಲ, ಕೆಲಸ ಇಲ್ಲ, ನೆಂಟರಿಗೂ ಪೊಲೀಸ್ ದಾಖಲೆ. ಎಲ್ಲದಕ್ಕೂ ಅಂಕ ಏರುತ್ತದೆ. ಕೋರ್ಟಿನಲ್ಲಿ ಕರುಣೆ ತಂದ ಕಥೆಯೇ ಇಲ್ಲಿ ಅವನನ್ನು ಮೀಡಿಯಂ ಅಥವಾ ಮ್ಯಾಕ್ಸಿಮಂ ಸೆಕ್ಯುರಿಟಿಗೆ ತಳ್ಳುತ್ತದೆ.

2018ರಲ್ಲಿ ಈವರ್ಟ್ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅಂಕಗಳ ಬಗ್ಗೆಯೇ ತೀರ್ಪು ಕೊಟ್ಟಿತು. ಆ ಪರೀಕ್ಷೆಗಳು ಮೂಲನಿವಾಸಿಗಳ ಮಟ್ಟಿಗೆ ಸರಿಯಾಗಿ ಅಳೆಯುತ್ತವೆಯೇ ಎಂದು ನೋಡದೇ ಬಳಸಿದ್ದು ಕಾನೂನಿನ ಉಲ್ಲಂಘನೆ ಎಂದಿತು.

ಊರಿಗೆ ವಾಪಸಾಗುವುದಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಹೀಲಿಂಗ್ ಲಾಡ್ಜ್‌ಗಳು ಬಹುಪಾಲು ಮಿನಿಮಂ ಸೆಕ್ಯುರಿಟಿಯವರಿಗೆ. ಅಂಕ ಜಾಸ್ತಿಯಾದವನಿಗೆ ಆ ಬಾಗಿಲು ಮುಚ್ಚಿತು. ಮ್ಯಾಕ್ಸಿಮಂನಲ್ಲಿ ಇರುವವನ ಬಗ್ಗೆ ಊರಿನವರಿಗೆ ಹೇಳಿದರೆ ಅವರಿಗೂ ಹೆದರಿಕೆ.

ಕ್ಯಾಲ್ಗರಿ ಕಾಫಿ:

ಹೀಲಿಂಗ್ ಲಾಡ್ಜ್ ಅಂದರೆ ನಿಜಕ್ಕೂ ಏನು? ಇಲ್ಲಿ ಪೇಪರ್‌ಗಳಲ್ಲಿ "ರೆಸಾರ್ಟ್ ಜೈಲು" ಅಂತ ಗೇಲಿ ಮಾಡುವುದನ್ನು ಓದಿದ್ದೇನೆ.

ಪ್ರೇರಿವಾಸಿ:

ರೆಸಾರ್ಟ್ ಅನ್ನುವವರು ಜನವರಿಯಲ್ಲಿ ಬಂದು ಒಂದು ವಾರ ಇರಲಿ, ಆಮೇಲೆ ಮಾತಾಡೋಣ!

ಮೊದಲನೆಯದು ಓಕಿಮಾ ಓಚಿ, 1995ರಲ್ಲಿ ಶುರುವಾಯಿತು. ಸಸ್ಕಾಚೆವಾನ್‌ನ ನೈಋತ್ಯ ಮೂಲೆ, ಮೇಪಲ್ ಕ್ರೀಕ್ ಊರಿನ ಹತ್ತಿರ ನೆಕಾನೀಟ್ ಫಸ್ಟ್ ನೇಷನ್ ಎಂಬ ಮೂಲನಿವಾಸಿ ಸಮುದಾಯದ ಜಾಗದಲ್ಲಿದೆ. ಹೆಂಗಸರಿಗೆ ಮಾತ್ರ. ಸೈಪ್ರೆಸ್ ಬೆಟ್ಟಗಳ ನಡುವೆ ಸಣ್ಣ ಸಣ್ಣ ಮನೆಗಳು. ಸುತ್ತ ಎತ್ತರದ ಗೋಡೆ ಇಲ್ಲ. ಮಧ್ಯದಲ್ಲಿ ದುಂಡಗಿನ ಒಂದು ಪ್ರಾರ್ಥನಾ ಮನೆ. ಚಿಕ್ಕ ಮಕ್ಕಳು ತಾಯಿಯ ಜೊತೆ ಇರಲು ವ್ಯವಸ್ಥೆ ಮಾಡಿಯೇ ಕಟ್ಟಿದ್ದು. ಅದಕ್ಕೂ ಮೊದಲು ದೊಡ್ಡ ಶಿಕ್ಷೆಯಾದ ಹೆಂಗಸರನ್ನು ದೇಶದ ಯಾವ ಮೂಲೆಯಿಂದಲೂ ಒಂಟಾರಿಯೊದ ಕಿಂಗ್‌ಸ್ಟನ್ ಜೈಲಿಗೆ ಕಳಿಸುತ್ತಿದ್ದರು. ಮಕ್ಕಳ ಮುಖ ನೋಡದೆ ವರ್ಷಗಟ್ಟಲೆ ಕಳೆಯಬೇಕಿತ್ತು.

ಗಂಡಸರಿಗೆ ಆಲ್ಬರ್ಟಾದ ಮಾಸ್ಕ್ವಾಚಿಸ್‌ನಲ್ಲಿ ಪೇ ಸಾಕಾಸ್ತೇವ್, ಡಕ್ ಲೇಕ್ ಹತ್ತಿರ ವಿಲ್ಲೋ ಕ್ರೀ, ಎಡ್ಮಂಟನ್ ನಗರದಲ್ಲೇ ಸ್ಟ್ಯಾನ್ ಡೇನಿಯಲ್ಸ್. ದೇಶದಲ್ಲಿ ಒಟ್ಟು ಸುಮಾರು ಹತ್ತು. ಕೆಲವನ್ನು ಸರ್ಕಾರ ನಡೆಸುತ್ತದೆ, ಕೆಲವನ್ನು ಸೆಕ್ಷನ್ 81ರ ಒಪ್ಪಂದದಲ್ಲಿ ಮೂಲನಿವಾಸಿ ಸಂಸ್ಥೆಗಳೇ ನಡೆಸುತ್ತವೆ. ಎಲ್ಡರ್‌ಗಳು, ಅಂದರೆ ಸಮುದಾಯದ ಹಿರಿಯರು, ಅಲ್ಲೇ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಸೇಜ್ ಎಲೆ ಸುಟ್ಟು ಹೊಗೆ ಹಾಕಿಕೊಂಡು ದಿನ ಶುರು. ಬಿಸಿ ಕಲ್ಲಿನ ಸ್ವೆಟ್ ಲಾಡ್ಜ್, ಅಂದರೆ ಬೆವರಿಳಿಸಿ ಪ್ರಾರ್ಥನೆ ಮಾಡುವ ಗುಡಾರ, ಇರುತ್ತದೆ. ವೃತ್ತದಲ್ಲಿ ಕೂತು ತಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಕೇಳಲು ಸುಲಭ. ಎದುರಿಗೆ ಅಜ್ಜಿಯ ವಯಸ್ಸಿನವರು ಕೂತು "ಮುಂದೆ ಹೇಳು" ಅಂದಾಗ ಗಟ್ಟಿಮುಟ್ಟು ಗಂಡಸರೂ ನಡುಗುತ್ತಾರೆ. ಸೆಲ್‌ನಲ್ಲಿ ಗೋಡೆ ನೋಡುತ್ತ ಬಿದ್ದುಕೊಳ್ಳುವುದೇ ಇದಕ್ಕಿಂತ ವಾಸಿ ಅನ್ನುವವರೂ ಇದ್ದಾರೆ.

ಕೇಂದ್ರ ಜೈಲುಗಳ ಮೇಲೆ ಕಣ್ಣಿಡುವ ಕರೆಕ್ಷನಲ್ ಇನ್ವೆಸ್ಟಿಗೇಟರ್ 2013ರಲ್ಲಿ ಒಂದು ವರದಿ ಕೊಟ್ಟರು. ಆಗ ಸೆಕ್ಷನ್ 81ರ ಲಾಡ್ಜ್‌ಗಳಲ್ಲಿ ಇಡೀ ದೇಶಕ್ಕೆ 68 ಹಾಸಿಗೆಗಳು. ಬ್ರಿಟಿಷ್ ಕೊಲಂಬಿಯಾ, ಒಂಟಾರಿಯೊ, ಅಟ್ಲಾಂಟಿಕ್ ಪ್ರಾಂತ್ಯಗಳು, ಉತ್ತರದ ಪ್ರದೇಶ, ಇಲ್ಲೆಲ್ಲ ಒಂದೂ ಇರಲಿಲ್ಲ. ಸಮುದಾಯದವರು ನಡೆಸುವುದಕ್ಕೆ ಸರ್ಕಾರಿ ಲಾಡ್ಜ್‌ಗಿಂತ ತುಂಬಾ ಕಡಿಮೆ ಹಣ. ಕಾಯ್ದೆ ಬಂದು ಎರಡು ದಶಕ ಆದಮೇಲಿನ ಪರಿಸ್ಥಿತಿ ಇದು. 2015ರಲ್ಲಿ, ರೆಸಿಡೆನ್ಶಿಯಲ್ ಸ್ಕೂಲ್‌ಗಳ ಬಗ್ಗೆ ವಿಚಾರಿಸಿದ ಟ್ರುತ್ ಅಂಡ್ ರಿಕನ್ಸಿಲಿಯೇಶನ್ ಆಯೋಗ ತನ್ನ 94 ಶಿಫಾರಸುಗಳಲ್ಲಿ, ಹೊಸ ಲಾಡ್ಜ್‌ಗಳಿಗೆ ಇರುವ ಅಡ್ಡಿಗಳನ್ನು ತೆಗೆಯಿರಿ ಎಂದು ಪ್ರತ್ಯೇಕವಾಗಿ ಕೇಳಬೇಕಾಯಿತು.

ಹುಣಸೂರು ಹುಡುಗ:

ಬಿಡುಗಡೆ ದಿನ ಏನಾಗುತ್ತದೆ? ನಮ್ಮ ಕಡೆ ಹಾಡಿಯವರು ಕಾಡಿನ ಕೇಸುಗಳಲ್ಲಿ ಒಳಗೆ ಹೋಗಿ ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮೈಸೂರಿನಿಂದ ಬಸ್ ಹತ್ತಿ, ಇಳಿದು, ನಡೆದುಕೊಂಡು ಬರುತ್ತಾರೆ. ಯಾರೂ ಕೇಳುವವರಿಲ್ಲ.

ಪ್ರೇರಿವಾಸಿ:

ಹುಣಸೂರಿನಲ್ಲಿ ಬಸ್ಸಾದರೂ ಇದೆ ಮಾರಾಯರೇ.

ತಮಾಷೆಗೆ ಹೇಳುತ್ತಿಲ್ಲ. ಸಸ್ಕಾಚೆವಾನ್‌ನಲ್ಲಿ ಹಳ್ಳಿಹಳ್ಳಿಗೆ ಹೋಗುತ್ತಿದ್ದ ಸರ್ಕಾರಿ ಬಸ್ ಕಂಪನಿ ಎಸ್‌ಟಿಸಿಯನ್ನು 2017ರ ಮೇ ಕೊನೆಗೆ ಮುಚ್ಚಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಗ್ರೇಹೌಂಡ್ ಕೂಡ ಪಶ್ಚಿಮ ಕೆನಡಾದಿಂದ ಎದ್ದು ಹೋಯಿತು. ಪ್ರಿನ್ಸ್ ಆಲ್ಬರ್ಟ್‌ನ ದೊಡ್ಡ ಜೈಲಿನಿಂದ ಹೊರಬಂದವನ ಊರು ಉತ್ತರಕ್ಕೆ ಮುನ್ನೂರು ನಾನ್ನೂರು ಕಿಲೋಮೀಟರ್ ದೂರ ಇರಬಹುದು. ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚೀಲ. ಅದರೊಳಗೆ ಬಟ್ಟೆ, ಕಾಗದಪತ್ರ, ಕೆಲವೊಮ್ಮೆ ಸ್ವೀಟ್‌ಗ್ರಾಸ್ ಎಂಬ ಪವಿತ್ರ ಹುಲ್ಲಿನ ಜಡೆ. ಜೂನ್‌ನಲ್ಲಿ ಬಂಧನವಾಗಿದ್ದರೆ ಮೈಮೇಲೆ ಜೂನ್‌ನ ಜಾಕೆಟ್. ಹೊರಗೆ ಮೈನಸ್ 30. ನೆಂಟರು ಕಾರು ತಂದರೆ ಸರಿ, ಇಲ್ಲದಿದ್ದರೆ ನಗರದಲ್ಲೇ ಉಳಿದ. ನಗರದಲ್ಲಿ ಉಳಿದವನಿಗೆ ಮೊದಲು ಸಿಗುವವರು ಯಾರು? ಹಳೇ ಗ್ಯಾಂಗ್‌ನವರು. ಅವರ ಹತ್ತಿರ ಕಾರೂ ಇರುತ್ತದೆ, ಮಲಗಲು ಸೋಫಾನೂ ಇರುತ್ತದೆ.

ಗುರುತಿನ ಚೀಟಿ ಇನ್ನೊಂದು ತಲೆನೋವು. ಜನನ ಪ್ರಮಾಣಪತ್ರ ಇಲ್ಲದೆ ಹೆಲ್ತ್ ಕಾರ್ಡ್ ಇಲ್ಲ. ಫೋಟೋ ಐಡಿ ಇಲ್ಲದೆ ಬ್ಯಾಂಕ್ ಖಾತೆ ಕಷ್ಟ. ಖಾತೆ ಇಲ್ಲದೆ ಸಂಬಳ ಎಲ್ಲಿಗೆ ಹಾಕುತ್ತಾರೆ? ಒಳಗೆ ವರ್ಷಗಟ್ಟಲೆ ಕೂತಿದ್ದಾಗಲೇ ಮಾಡಿಸಬಹುದಾದ ಕೆಲಸ ಇದು. ಆದರೂ ಎಷ್ಟೋ ಜನ ಬರಿಗೈಯಲ್ಲಿ ಬರುತ್ತಾರೆ. ನನ್ನ ಕೆಲಸದ ಅರ್ಧ ದಿನ ಕಿಟಕಿಗಳ ಮುಂದೆ ಕ್ಯೂ ನಿಲ್ಲುವುದರಲ್ಲೇ ಹೋಗುತ್ತದೆ.

ಮಲೆನಾಡ ಗಿಡ್ಡ:

ಸರಿ, ಒಪ್ಪಿದೆ. ಆದರೆ ಯಾರೂ ಇನ್ನೊಂದು ಕಡೆ ಮಾತಾಡುತ್ತಿಲ್ಲ. 2022ರ ಸೆಪ್ಟೆಂಬರ್ 4ರಂದು ಜೇಮ್ಸ್ ಸ್ಮಿತ್ ಕ್ರೀ ನೇಷನ್‌ನಲ್ಲಿ ಏನಾಯಿತು? ಸ್ಟ್ಯಾಚುಟರಿ ರಿಲೀಸ್‌ನಲ್ಲಿ ಹೊರಬಂದವನೇ ಅಲ್ವಾ ತನ್ನ ಜನರನ್ನೇ ಚಾಕುವಿನಿಂದ ಕೊಂದದ್ದು? 11 ಜನ ಸತ್ತರು. ನಿಮ್ಮ ಪ್ರಾಂತ್ಯದಲ್ಲೇ. ಆ ಊರಿನವರನ್ನು ಕೇಳಿ ವಾಪಸ್ ಕರೆದುಕೊಳ್ಳೋಣ ಅಂತ.

ಪ್ರೇರಿವಾಸಿ:

ಕೇಳಲೇಬೇಕಾದ ಪ್ರಶ್ನೆ. ಆ ವಾರ ಇಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಆ ಮನುಷ್ಯ ಮೇ ತಿಂಗಳಿಂದಲೇ ಪೆರೋಲ್ ಅಧಿಕಾರಿಗಳ ಕೈಗೆ ಸಿಗದೆ ತಿರುಗುತ್ತಿದ್ದ. ಹುಡುಕಬೇಕಿತ್ತು, ಹುಡುಕಿ ಸಿಗಲಿಲ್ಲ. 2024ರ ಜನವರಿಯಲ್ಲಿ ಮೆಲ್‌ಫೋರ್ಟ್ ಪಟ್ಟಣದಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗ ಇವೆಲ್ಲ ಒಂದೊಂದಾಗಿ ಹೊರಬಂದವು.

ಆದರೆ ಒಂದು ನೋಡಿ. ಸ್ಟ್ಯಾಚುಟರಿ ರಿಲೀಸ್‌ಗೆ ಊರಿನ ಒಪ್ಪಿಗೆ ಬೇಕಿಲ್ಲ, ಪ್ಲ್ಯಾನ್ ಬೇಕಿಲ್ಲ. ತಾರೀಖು ಬಂದರೆ ಬಾಗಿಲು ತೆರೆಯುತ್ತದೆ. ಊರಿಗೆ ಮೊದಲೇ ಹೇಳಿ, ಊರಿನವರ ಷರತ್ತು ಕೇಳಿ ಬಿಡಬೇಕು ಎನ್ನುವುದು ಸೆಕ್ಷನ್ 84ರ ಆಶಯ. ಹಾಗಾಗಿ ಆ ದುರಂತವನ್ನು ಊರಿಗೆ ಕಳಿಸುವುದರ ವಿರುದ್ಧದ ವಾದವಾಗಿ ನಾನು ನೋಡುವುದಿಲ್ಲ. ಊರಿಗೆ ಮಾತೇ ಇಲ್ಲದ ಬಿಡುಗಡೆ ಎಷ್ಟು ಅಪಾಯ ಎಂದು ಅದು ತೋರಿಸುತ್ತದೆ. ನೀವು ಒಪ್ಪದೇ ಇರಬಹುದು.

ಮಲೆನಾಡ ಗಿಡ್ಡ:

ಪೂರ್ತಿ ಒಪ್ಪಲಿಲ್ಲ. ಊರಿನವರು "ಬೇಡ" ಅಂದರೆ?

ವಕೀಲಮ್ಮ:

ಬೇಡ ಅನ್ನಬಹುದು. ಅನ್ನುತ್ತಾರೆ ಕೂಡ. ಕೆಲವು ಫಸ್ಟ್ ನೇಷನ್‌ಗಳು ಮಾದಕ ವಸ್ತು ಮಾರುವವರನ್ನು ರಿಸರ್ವ್‌ನಿಂದಲೇ ಹೊರಹಾಕುವ ನಿಯಮ ಮಾಡಿಕೊಂಡಿವೆ. ನಮ್ಮಲ್ಲಿ "ಸಮುದಾಯ" ಅಂದ ಕೂಡಲೇ ಎಲ್ಲರೂ ಒಂದೇ ಮನಸ್ಸಿನವರು ಅಂದುಕೊಂಡುಬಿಡುತ್ತೇವೆ. ಅಲ್ಲಿ ಹೊಡೆಸಿಕೊಂಡವಳೂ ಸಮುದಾಯ, ಹೊಡೆದವನ ತಾಯಿಯೂ ಸಮುದಾಯ. ಇಬ್ಬರೂ ಒಂದೇ ಅಂಗಡಿಗೆ ಹಾಲು ತರಲು ಹೋಗಬೇಕು. ಹೆಂಗಸರ ಮೇಲಿನ ಹಿಂಸೆಯ ಪ್ರಕರಣಗಳಲ್ಲಿ ಊರಿನ ಹಿರಿಯರು "ರಾಜಿ ಮಾಡಿಕೊಳ್ಳಮ್ಮ" ಅಂದರೆ ಅದು ಯಾವ ನ್ಯಾಯ? ನಮ್ಮ ಪಂಚಾಯ್ತಿಕಟ್ಟೆಗಳನ್ನು ನೋಡಿದವಳಾಗಿ ನನಗೆ ಈ ಭಯ ಜಾಸ್ತಿ. ಪ್ರೇರಿವಾಸಿ ಅವರು ಈ ಭಾಗವನ್ನು ಸ್ವಲ್ಪ ಹಗುರವಾಗಿ ದಾಟಿದರು ಅನಿಸಿತು.

ಪ್ರೇರಿವಾಸಿ:

ನ್ಯಾಯವಾದ ಮಾತು. ಇದಕ್ಕೆ ಹಾಲೋ ವಾಟರ್ ನೆನಪಾಗುತ್ತದೆ. ಮ್ಯಾನಿಟೋಬಾದಲ್ಲಿ ವಿನಿಪೆಗ್ ಸರೋವರದ ಪೂರ್ವ ದಡದ ಅನಿಶಿನಾಬೆ ಸಮುದಾಯ. 1980ರ ದಶಕದಲ್ಲಿ ಅಲ್ಲಿ ಕೆಲವರು, ಅದರಲ್ಲೂ ಹೆಂಗಸರು, ತಮ್ಮ ಊರಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಬಹಿರಂಗವಾಗಿ ಹೇಳಿದರು. ಸುಮ್ನೆ ಪೊಲೀಸರಿಗೆ ಕೊಟ್ಟರೆ ಜೈಲಿಗೆ ಹೋಗಿ ಇನ್ನೂ ಕೆಟ್ಟು ಬರುತ್ತಾನೆ. ಊರಲ್ಲೇ ಮುಚ್ಚಿಹಾಕಿದರೆ ಮಗುವಿಗೆ ಅನ್ಯಾಯ. ಅದಕ್ಕೇ ಅವರೇ ಒಂದು ಪದ್ಧತಿ ಕಟ್ಟಿದರು. ಮೊದಲು ಮಗುವಿಗೆ ರಕ್ಷಣೆ, ಅದರ ಜೊತೆ ನಿಲ್ಲುವವರು ಯಾರು ಎಂಬ ತೀರ್ಮಾನ. ಆಮೇಲೆ ತಪ್ಪು ಮಾಡಿದವನ ಮುಂದೆ ಕೂರುವುದು. ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳಬೇಕು. ಊರಿನ ವೃತ್ತದಲ್ಲಿ ಎಲ್ಲರೆದುರು ಹೇಳಬೇಕು. ವರ್ಷಗಟ್ಟಲೆ ನಡೆಯುವ ಕೆಲಸ. ರಾಜಿ ಮಾಡಿಕೋ ಎನ್ನುವ ಕಟ್ಟೆ ಪಂಚಾಯ್ತಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಕ್ಷಮಿಸು ಎಂದು ಆ ಮಗುವಿನ ಮೇಲೆ ಒತ್ತಡ ಹಾಕುವಂತಿಲ್ಲ.

ಎಲ್ಲ ಊರಿನಲ್ಲೂ ಇಂಥ ಗಟ್ಟಿಗಿತ್ತಿಯರು ಇರುತ್ತಾರಾ? ಇಲ್ಲ. ಹಾಗಾಗಿ ಸಂಪರ್ಕ ಮಾಡಬಾರದು ಎಂಬ ಷರತ್ತು ಇರುವ ಪ್ರಕರಣಗಳಲ್ಲಿ ಚಿಕ್ಕ ರಿಸರ್ವ್‌ಗೆ ವಾಪಸ್ ಕಳಿಸುವುದು ಸಾಧ್ಯವೇ ಇಲ್ಲದಿರಬಹುದು. ಆಗ ಪಕ್ಕದ ಸಮುದಾಯ, ಇಲ್ಲವೇ ನಗರದ ಮೂಲನಿವಾಸಿ ಸಂಸ್ಥೆಯ ಕಡೆ ನೋಡಬೇಕು.

ಡಾರ್ವಿನ್ ಡೈರಿ:

ಆಸ್ಟ್ರೇಲಿಯಾದಿಂದ ಒಂದು ಮಾತು. ನಾನು ನರ್ಸ್. ಇಲ್ಲಿ ನಾರ್ದರ್ನ್ ಟೆರಿಟರಿಯಲ್ಲಿ ಜನಸಂಖ್ಯೆಯ ಸುಮಾರು ಶೇ. 30 ಅಬಾರಿಜಿನಲ್ ಜನ. ಜೈಲಿನಲ್ಲಿ ಶೇ. 80ಕ್ಕೂ ಜಾಸ್ತಿ. 1991ರಲ್ಲಿ, ಕಸ್ಟಡಿಯಲ್ಲಿ ಅಬಾರಿಜಿನಲ್ ಜನರ ಸಾವಿನ ಬಗ್ಗೆ ವಿಚಾರಿಸಿದ ರಾಯಲ್ ಕಮಿಷನ್ 339 ಶಿಫಾರಸು ಮಾಡಿತ್ತು. ಆಮೇಲೆ ಆ ಪ್ರಮಾಣ ಇಳಿಯಲಿಲ್ಲ, ಏರಿತು.

ಇಲ್ಲಿ ಕೆಲಸ ಮಾಡಿದ ಒಂದು ಪ್ರಯತ್ನ ಹೇಳುತ್ತೇನೆ. ನ್ಯೂ ಸೌತ್ ವೇಲ್ಸ್‌ನ ಬೋರ್ಕ್ ಎಂಬ ಪುಟ್ಟ ಊರು. ಮರಾಂಗುಕಾ ಅಂತ ಸಮುದಾಯದವರದೇ ಯೋಜನೆ, 2013ರ ಸುಮಾರಿಗೆ ಶುರು. ಯುವಕರು ಜೈಲಿಗೆ ಹೋಗುತ್ತಿರುವುದು ಯಾಕೆ ಎಂದು ಅವರೇ ಕೂತು ಅಂಕಿಅಂಶ ನೋಡಿದರು. ಒಂದು ದೊಡ್ಡ ಕಾರಣ ಏನು ಗೊತ್ತಾ? ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ್ದು! ಬಸ್ಸಿಲ್ಲ, ಲೈಸೆನ್ಸ್ ತೆಗೆಸಲು ಕಲಿಸುವವರಿಲ್ಲ. ಓಡಿಸಿದರೆ ದಂಡ, ದಂಡ ಕಟ್ಟದಿದ್ದರೆ ಲೈಸೆನ್ಸ್ ರದ್ದು, ಮತ್ತೆ ಓಡಿಸಿದರೆ ಜೈಲು. ಡ್ರೈವಿಂಗ್ ಕಲಿಸುವ ಕಾರ್ಯಕ್ರಮ ಶುರು ಮಾಡಿದರು. ಮನೆಯೊಳಗಿನ ಹಿಂಸೆಯ ದೂರುಗಳ ಮೇಲೂ ಪೊಲೀಸರ ಜೊತೆ ಕೂತು ಕೆಲಸ ಮಾಡಿದರು. 2018ರಲ್ಲಿ ಕೆಪಿಎಂಜಿ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯವರು ಲೆಕ್ಕ ಹಾಕಿ, ಒಂದೇ ವರ್ಷಕ್ಕೆ ಸುಮಾರು 31 ಲಕ್ಷ ಡಾಲರ್‌ನಷ್ಟು ಲಾಭವಾಗಿದೆ ಎಂದರು. ಪ್ರೇರಿವಾಸಿ ಹೇಳುವ "ದುಡ್ಡು ಸಮುದಾಯಕ್ಕೇ ಕೊಡಿ" ಮಾತಿಗೆ ನನ್ನ ಓಟು ಇದೆ.

ಹುಬ್ಬಳ್ಳಿಯಾಂವ:

ಎಲ್ಲಾ ಕೆನಡಾ, ಆಸ್ಟ್ರೇಲಿಯಾ ಆಯ್ತು. ನಮ್ಮ ಹುಬ್ಬಳ್ಳಿಯ ಸೆಟ್ಲಮೆಂಟ್ ಮರೆತುಬಿಟ್ಟಿರಾ? ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಜಾತಿಗಳನ್ನೇ ಹುಟ್ಟಾ ಕಳ್ಳರು ಎಂದು ಪಟ್ಟಿಗೆ ಹಾಕಿದರು. ಹಿಡಿದು ತಂದು ಬೇಲಿಯೊಳಗೆ ಇಟ್ಟರು. ಹಾಜರಿ ಹಾಕಬೇಕು, ಪಾಸ್ ಇಲ್ಲದೆ ಹೊರಗೆ ಹೋಗುವಂತಿಲ್ಲ. 1952ರಲ್ಲಿ ಕಾಯ್ದೆ ಹೋಯಿತು. ಹೆಸರು ಹೋಗಲಿಲ್ಲ. ಇವತ್ತಿಗೂ ಎಲ್ಲಿಯಾದರೂ ಕಳ್ಳತನವಾದರೆ ಮೊದಲು ಯಾರ ಓಣಿಗೆ ಜೀಪ್ ಬರುತ್ತದೆ ಅಂತ ನಮಗೆ ಗೊತ್ತಿದೆ. ಜೈಲಿಗೆ ಹೋಗದವನಿಗೇ ಊರಲ್ಲಿ ಮರ್ಯಾದೆ ಇಲ್ಲ, ಹೋಗಿ ಬಂದವನ ಕಥೆ ಕೇಳುವವರು ಯಾರು?

ವಕೀಲಮ್ಮ:

ಸರಿಯಾಗಿ ಹೇಳಿದಿರಿ. 2024ರ ಅಕ್ಟೋಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ ಇದನ್ನೇ ಮುಟ್ಟಿತು. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಆ ಹಳೇ ಪಟ್ಟಿಯ ಸಮುದಾಯಗಳನ್ನು "ರೂಢಿಗತ ಅಪರಾಧಿ" ಎಂದು ನೋಡುವ ಜೈಲು ನಿಯಮಗಳನ್ನೂ ತರಾಟೆಗೆ ತೆಗೆದುಕೊಂಡಿತು. ಆದರೆ ಊರಿಗೆ ವಾಪಸ್ ಕರೆದುಕೊಳ್ಳುವ ಹೊಣೆಯನ್ನು ಸಮುದಾಯದ ಜೊತೆ ಹಂಚಿಕೊಳ್ಳುವ ಸೆಕ್ಷನ್ 84ರಂಥದ್ದು ನಮ್ಮಲ್ಲಿಲ್ಲ. ಸದ್ಯಕ್ಕೆ ಈ ಎಳೆಯಲ್ಲಿ ಕೆನಡಾದ್ದೇ ಮುಗಿಸೋಣ, ಹುಬ್ಬಳ್ಳಿಯದ್ದು ಬೇರೆ ಎಳೆ ಶುರು ಮಾಡಿ. ನಾನು ಖಂಡಿತ ಬರುತ್ತೇನೆ.

ಹುಣಸೂರು ಹುಡುಗ:

ಒಳ್ಳೆಯ ಪ್ಲ್ಯಾನ್ ಅಂದರೆ ಹೇಗಿರುತ್ತದೆ? ಸೆಕ್ಷನ್ 84ರ ಕಾಗದದಲ್ಲಿ ಏನು ಬರೆಯುತ್ತಾರೆ?

ಪ್ರೇರಿವಾಸಿ:

ಕೆಟ್ಟದ್ದು ಹೇಗಿರುತ್ತದೆ ಅಂತ ಮೊದಲು ಹೇಳುತ್ತೇನೆ. "ಸಮುದಾಯವು ಸಾಂಸ್ಕೃತಿಕ ಬೆಂಬಲ ನೀಡುತ್ತದೆ." ಮುಗಿಯಿತು. ಇದನ್ನು ಓದಿ ಪೆರೋಲ್ ಬೋರ್ಡ್ ಏನು ತೀರ್ಮಾನ ಮಾಡಬೇಕು?

ಒಳ್ಳೆಯದರಲ್ಲಿ ಜಾಗ ಇರುತ್ತದೆ, ವಾರ ಇರುತ್ತದೆ, ಹೊತ್ತು ಇರುತ್ತದೆ. ಅತ್ತೆಯ ಮನೆಯ ಕೆಳಗಿನ ಕೋಣೆಯಲ್ಲಿ ಮಲಗುತ್ತಾನೆ. ಆ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ ಎಂದು ಅತ್ತೆ ಬರೆದುಕೊಟ್ಟಿದ್ದಾಳೆ. ಮಂಗಳವಾರ ಇಂಥ ಎಲ್ಡರ್ ಜೊತೆ, ಗುರುವಾರ ಹೆಲ್ತ್ ಸೆಂಟರ್‌ನ ವ್ಯಸನಮುಕ್ತಿ ಸಭೆ. ಚಳಿಗಾಲದಲ್ಲಿ ವಯಸ್ಸಾದವರ ಮನೆಗಳಿಗೆ ಸೌದೆ ಒಡೆದು ಕೊಡುತ್ತಾನೆ, ಬ್ಯಾಂಡ್ ಆಫೀಸ್ ಗಂಟೆ ಲೆಕ್ಕದಲ್ಲಿ ಕೂಲಿ ಕೊಡುತ್ತದೆ. ಶರತ್ಕಾಲದಲ್ಲಿ ಮಾವನ ಜೊತೆ ಬೇಟೆಗೆ ಹೋದರೂ ಬಂದೂಕು ಮುಟ್ಟುವಂತಿಲ್ಲ. ಮಾಂಸ ಹೊರುವುದು, ಕೊಯ್ಯುವುದು ಅವನ ಪಾಲು. ಹಾನಿಗೊಳಗಾದವರ ಮನೆ ಇರುವ ರಸ್ತೆಗೆ ಹೋಗುವುದಿಲ್ಲ. ಅವರು ಅಂಗಡಿಗೆ ಬರುವ ಹೊತ್ತಿನಲ್ಲಿ ಇವನು ಅಲ್ಲಿರುವುದಿಲ್ಲ. ಮತ್ತೆ ಕುಡಿದರೆ ಮೊದಲು ಯಾರಿಗೆ ಫೋನ್ ಮಾಡಬೇಕು? ಆ ಹೆಸರೂ ನಂಬರೂ ಅದರಲ್ಲಿರುತ್ತದೆ. ಯಾಕೆಂದರೆ ಜಾರುವುದು ಇದ್ದೇ ಇದೆ. ಜಾರಿದ ರಾತ್ರಿ ಏನು ಮಾಡಬೇಕು ಅಂತ ಬರೆದಿಟ್ಟವರ ಪ್ಲ್ಯಾನ್ ಬಾಳಿಕೆ ಬರುತ್ತದೆ.

ಇಂಥದ್ದನ್ನು ಬರೆಯಬೇಕಾದರೆ ಯಾರಾದರೂ ಅತ್ತೆಯ ಮನೆಗೆ ಹೋಗಿ ಚಹಾ ಕುಡಿಯಬೇಕು. ಎಲ್ಡರ್ ಜೈಲಿಗೆ ಹೋಗಿ ಮುಖ ನೋಡಿ ಬರಬೇಕು. ಪೆಟ್ರೋಲ್ ಬೇಕು, ಸಂಬಳ ಬೇಕು.

ಷರತ್ತುಗಳಲ್ಲೂ ಸ್ವಲ್ಪ ವಿವೇಕ ಬೇಕು. "ಅಪರಾಧ ದಾಖಲೆ ಇರುವವರ ಜೊತೆ ಸೇರಬಾರದು" ಎಂದು ಮಾಮೂಲಿಯಾಗಿ ಹಾಕುತ್ತಾರೆ. ನಗರದಲ್ಲಿ ಸರಿ. ಕೆಲವೇ ನೂರು ಜನರಿರುವ, ಪೊಲೀಸರು ದಶಕಗಳಿಂದ ಹಿಡಿಯುತ್ತಲೇ ಇರುವ ರಿಸರ್ವ್‌ನಲ್ಲಿ ಆ ಷರತ್ತು ಹಾಕಿದರೆ ಅಣ್ಣನ ಜೊತೆ ಊಟಕ್ಕೆ ಕೂರುವುದೂ ಉಲ್ಲಂಘನೆ. ಹೊಸ ಅಪರಾಧ ಮಾಡದೇ ವಾಪಸ್ ಒಳಗೆ ಹೋಗುವವರಲ್ಲಿ ಎಷ್ಟೋ ಜನ ಹೀಗೆ ಹೋಗುತ್ತಾರೆ.

ಕ್ಯಾಲ್ಗರಿ ಕಾಫಿ:

ಒಂದು ವಿಷಯ ಕಾಡುತ್ತಿದೆ. ಫಾಸ್ಟರ್ ಮನೆಗಳಲ್ಲೇ ಬೆಳೆದವನಿಗೆ "ನಿನ್ನ ಊರು" ಅಂತ ಯಾವುದನ್ನು ತೋರಿಸುವುದು?

ಪ್ರೇರಿವಾಸಿ:

ಇದೇ ದೊಡ್ಡ ಸಮಸ್ಯೆ. 2021ರ ಜನಗಣತಿಯಲ್ಲಿ, 15 ವರ್ಷ ತುಂಬದೆ ಫಾಸ್ಟರ್ ಮನೆಗಳಲ್ಲಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಲನಿವಾಸಿಗಳು. ಆ ವಯಸ್ಸಿನ ಮಕ್ಕಳಲ್ಲಿ ಅವರ ಪಾಲು ಶೇ. 8ರ ಒಳಗೆ. ಇಂಥ ಹುಡುಗನ ಕಾರ್ಡ್‌ನಲ್ಲಿ ಯಾವುದೋ ಫಸ್ಟ್ ನೇಷನ್ ಹೆಸರಿರುತ್ತದೆ. ಅವನು ಅಲ್ಲಿಗೆ ಕಾಲೇ ಇಟ್ಟಿರುವುದಿಲ್ಲ. ಭಾಷೆ ಬರುವುದಿಲ್ಲ. ಕೆಲವರು ತಮ್ಮ ಮೊದಲ ಸ್ವೆಟ್ ಲಾಡ್ಜ್ ನೋಡಿದ್ದೇ ಜೈಲಿನೊಳಗೆ. ತಮ್ಮ ಜನರ ಬಗ್ಗೆ ಅವರಿಗೆ ಮೊದಲು ಹೇಳಿದವರು ಜೈಲಿಗೆ ಬರುವ ಎಲ್ಡರ್.

ಅಂಥವರಿಗೆ ರಿಸರ್ವೇ ಆಗಬೇಕು ಎಂದು ಹಟ ಹಿಡಿದರೆ ಪ್ರಯೋಜನವಿಲ್ಲ. ಸೆಕ್ಷನ್ 84 ನಗರದ ಮೂಲನಿವಾಸಿ ಸಂಸ್ಥೆಗಳಿಗೂ ಅನ್ವಯವಾಗುತ್ತದೆ. ಆದರೆ ಕೆಲವರು ನಿಧಾನವಾಗಿ, ಮೊದಲು ಅಂತ್ಯಕ್ರಿಯೆಗೋ ಪೌವೌಗೋ (ಹಾಡು ಕುಣಿತದ ಸಮುದಾಯದ ಹಬ್ಬ) ಒಂದು ದಿನ ಹೋಗಿ, ನೆಂಟರನ್ನು ಹುಡುಕಿಕೊಂಡು ಒಳಗೆ ಸೇರುತ್ತಾರೆ. ಅದಕ್ಕೆ ಪೆರೋಲ್ ಆಫೀಸರ್ ಪ್ರಯಾಣದ ಅನುಮತಿ ಕೊಡಬೇಕು. ಕೊಡುವವರೂ ಇದ್ದಾರೆ, ಕೊಡದವರೂ ಇದ್ದಾರೆ.

ಮಲೆನಾಡ ಗಿಡ್ಡ:

ಜೇಮ್ಸ್ ಸ್ಮಿತ್ ವಿಷಯದಲ್ಲಿ ನನ್ನ ಮಾತು ನನ್ನದೇ. ದೊಡ್ಡ ಹಿಂಸೆ ಮಾಡಿದವರಿಗೆ ಮೂರನೇ ಎರಡು ಭಾಗದ ನಿಯಮವೇ ಬೇಡ. ಮಿಕ್ಕವರ ಮಟ್ಟಿಗೆ, ಸೌದೆ ಒಡೆಸಿ ಕೂಲಿ ಕೊಡುವುದು ಜೈಲಿನಲ್ಲಿ ಕೂರಿಸಿ ಅನ್ನ ಹಾಕುವುದಕ್ಕಿಂತ ಅಗ್ಗ ಅಂತೂ ಹೌದು.

ಕ್ಯಾಲ್ಗರಿ ಕಾಫಿ:

ನಾನು ಸಣ್ಣದೊಂದು ವೇರ್‌ಹೌಸ್ ನಡೆಸುತ್ತೇನೆ. ಇಂಥವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕಾದರೆ ಏನು ಗಮನದಲ್ಲಿರಬೇಕು? ಅಪರಾಧ ದಾಖಲೆ ಅಳಿಸಲು ಆಗುತ್ತದಾ?

ಪ್ರೇರಿವಾಸಿ:

ಅಳಿಸುವುದಲ್ಲ, ಪಕ್ಕಕ್ಕೆ ಇಡುವುದು. ರೆಕಾರ್ಡ್ ಸಸ್ಪೆನ್ಶನ್ ಅಂತಾರೆ. 2022ರ ಜನವರಿಯಲ್ಲಿ ಅರ್ಜಿ ಶುಲ್ಕವನ್ನು 50 ಡಾಲರ್‌ಗೆ ಇಳಿಸಿದರು, ಅದಕ್ಕೂ ಮೊದಲು 600 ದಾಟಿತ್ತು. ಆದರೆ ದೊಡ್ಡ ಅಪರಾಧಗಳಿಗೆ ಶಿಕ್ಷೆ ಪೂರ್ತಿ ಮುಗಿದು ಹತ್ತು ವರ್ಷ ಕಾಯಬೇಕು. ಹಾಗಾಗಿ ನಿಮ್ಮ ಹತ್ತಿರ ಬರುವವನಿಗೆ ದಾಖಲೆ ಇದ್ದೇ ಇರುತ್ತದೆ, ಅದನ್ನು ಒಪ್ಪಿಕೊಂಡೇ ಶುರು ಮಾಡಿ.

ರಾತ್ರಿ ಪಾಳಿ ಕೊಡಬೇಡಿ, ಹಾಫ್‌ವೇ ಹೌಸ್‌ಗೆ ವಾಪಸಾಗುವ ಹೊತ್ತು ಇರುತ್ತದೆ. ಪೆರೋಲ್ ಆಫೀಸರ್ ಭೇಟಿ ಕೆಲಸದ ಹೊತ್ತಿನಲ್ಲೇ ಬೀಳಬಹುದು, ಅದಕ್ಕೆ ಸಂಬಳ ಕಡಿಯಬೇಡಿ. ಮೊದಲ ಸಂಬಳಕ್ಕೆ ಹದಿನೈದು ದಿನ ಕಾಯಿಸಬೇಡಿ, ವಾರಕ್ಕೇ ಕೊಡಿ. ಸ್ಟೀಲ್ ಟೋ ಬೂಟು ಕೊಳ್ಳಲು ಅವರ ಹತ್ತಿರ ದುಡ್ಡಿರುವುದಿಲ್ಲ, ಬೂಟು ನೀವೇ ಕೊಡಿಸಿ. ಊರಿನಲ್ಲಿ ಸಾವಾದರೆ ನಾಲ್ಕು ದಿನ ರಜೆ ಕೇಳುತ್ತಾರೆ. ಆಗ ಕೊಟ್ಟರೆ ವಾಪಸ್ ಬರುತ್ತಾರೆ. ನಿಮ್ಮ ಊರಿನ ಹಾಫ್‌ವೇ ಹೌಸ್‌ಗಳಲ್ಲಿ ಕೆಲಸ ಹುಡುಕಿಕೊಡುವವರು ಒಬ್ಬರು ಇರುತ್ತಾರೆ. ಸೋಮವಾರ ಬೆಳಿಗ್ಗೆ ಫೋನ್ ಮಾಡಿ, ಶುಕ್ರವಾರ ಮಾಡಿದರೆ ಯಾರೂ ಎತ್ತುವುದಿಲ್ಲ.